ಹಾಡಿಯಿಂದ ಮಕ್ಕಳ ವಾರ್ಡಿನವರೆಗೆ: ಆದಿವಾಸಿ ಆರೋಗ್ಯ ಕಾರ್ಯಕರ್ತೆಯರ ನಾಲ್ಕು ದಶಕ

ಆದಿವಾಸಿ ಮಕ್ಕಳ ಆರೋಗ್ಯದ ಬಗ್ಗೆ ಈಚೆಗೆ ಬರುತ್ತಿರುವ ವರದಿ, ಕೈಪಿಡಿ, ಸಂಕಿರಣದ ಪ್ರಬಂಧಗಳಲ್ಲೆಲ್ಲ ಒಂದು ಮಾತು ತಪ್ಪದೆ ಇರುತ್ತದೆ. ಹೆತ್ತವರಿಗೆ ಅರಿವಿಲ್ಲ, ಅದಕ್ಕೇ ಮಗುವನ್ನು ತಡವಾಗಿ ತರುತ್ತಾರೆ, ತಂದರೂ ಚಿಕಿತ್ಸೆ ಮುಗಿಯುವ ಮೊದಲೇ ಎತ್ತಿಕೊಂಡು ಹೋಗುತ್ತಾರೆ ಎಂಬ ಮಾತು ಅದು. ಪರಿಹಾರವೂ ಅದರ ಬೆನ್ನಿಗೇ ಬರುತ್ತದೆ: ಆಶಾ ಕಾರ್ಯಕರ್ತೆಗೆ ಇನ್ನೊಂದು ತರಬೇತಿ, ಹಾಡಿಯಲ್ಲಿ ಇನ್ನೊಂದು ಜಾಗೃತಿ ಶಿಬಿರ, ಅಂಗನವಾಡಿಯ ಗೋಡೆಗೆ ಇನ್ನೊಂದು ಭಿತ್ತಿಪತ್ರ. ಮಗು ಆಸ್ಪತ್ರೆಯ ಗೇಟು ದಾಟಿತೆಂದರೆ ಆದಿವಾಸಿ ಆರೋಗ್ಯ ಕಾರ್ಯಕರ್ತೆಯ ಕೆಲಸ ಮುಗಿಯಿತು, ಮುಂದಿನದು ಡಾಕ್ಟರದು, ಸಿಸ್ಟರದು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಂತಿದೆ. ಮೈಸೂರು, ಚಾಮರಾಜನಗರ, ನೀಲಗಿರಿ ಸೇರುವ ಈ ಮೂಲೆಯಲ್ಲಿ ಮಕ್ಕಳ ವಾರ್ಡುಗಳಲ್ಲೇ ತಲೆ ನರೆಸಿಕೊಂಡ ನನಗೆ ಕಂಡದ್ದು ಇದರ ತಿರುವುಮುರುವು. ಮಗುವನ್ನು ಗೇಟಿನವರೆಗೆ ತರುವ ಕೆಲಸ ತಕ್ಕಮಟ್ಟಿಗೆ ಆಗಿದೆ. ಮಗು ಉಳಿಯುವುದು, ಉಳಿಯದಿರುವುದು ತೀರ್ಮಾನವಾಗುವುದು ಗೇಟಿನ ಒಳಗೆ. ಅಲ್ಲಿ ಆದಿವಾಸಿಗಳ ಪೈಕಿಯವರು ಒಬ್ಬರು ಇರುತ್ತಾರೆಯೇ, ಇದ್ದರೆ ಅವರ ಮಾತು ನಡೆಯುತ್ತದೆಯೇ ಎಂಬುದನ್ನು ನಮ್ಮ ಸಮೀಕ್ಷೆಗಳು ಕೇಳುವುದೇ ಇಲ್ಲ.

ಹಿಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಸ್ವಾತಂತ್ರ್ಯಕ್ಕೆ ಮೊದಲು ಕಾಡಂಚಿನ ಜನಕ್ಕೆ ಔಷಧ ಎಂದರೆ ಒಂದೋ ಮನೆಯ ಬೇರು ನಾರು, ಇಲ್ಲವೇ ಎಸ್ಟೇಟಿನ ಕಾಂಪೌಂಡರು, ಅಲ್ಲೊಂದು ಇಲ್ಲೊಂದು ಮಿಷನ್ ದವಾಖಾನೆ. 1946ರ ಭೋರ್ ಸಮಿತಿ ವರದಿಯ ನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಬಯಲಿನಲ್ಲಿ 30,000 ಜನಕ್ಕೊಂದು ಕೇಂದ್ರವಾದರೆ ಗುಡ್ಡಗಾಡಿನಲ್ಲಿ 20,000ಕ್ಕೊಂದು, ಉಪಕೇಂದ್ರ 5,000ದ ಬದಲು 3,000ಕ್ಕೊಂದು ಎಂಬ ರಿಯಾಯಿತಿಯೂ ಮುಂದೆ ಸಿಕ್ಕಿತು. ಕಟ್ಟಡ ಎದ್ದ ಕಡೆ ಡಾಕ್ಟರು ಇರಲಿಲ್ಲ. ಬಂದ ಡಾಕ್ಟರಿಗೆ ಅದು ಶಿಕ್ಷೆಯ ವರ್ಗಾವಣೆಯಾಗಿತ್ತು. 1977ರ ಅಕ್ಟೋಬರ್ 2ರಂದು ಜನತಾ ಸರ್ಕಾರ ಊರಿಗೊಬ್ಬ ಆರೋಗ್ಯ ಕಾರ್ಯಕರ್ತನ ಯೋಜನೆ ತಂದಿತು. ತಿಂಗಳಿಗೆ 50 ರೂಪಾಯಿ ಗೌರವಧನ. ಆಯ್ಕೆಯಾದವರಲ್ಲಿ ಬಹುಪಾಲು ಗಂಡಸರು. ಹೆರಿಗೆ, ಎಳೆಗೂಸು ಎಂದರೆ ಗಂಡಸರಿಗೆ ಒಳಗೆ ಪ್ರವೇಶವಿಲ್ಲದ ಹಾಡಿಯಲ್ಲಿ ಆ ಯೋಜನೆಯಿಂದ ಆದ ಉಪಯೋಗ ಅಷ್ಟರಲ್ಲೇ ಇದೆ. ಇದೇ ದಶಕದಲ್ಲಿ ಹುಲಿ ಯೋಜನೆ ಬಂತು, ಕಬಿನಿಗೆ ಅಣೆಕಟ್ಟು ಬಂತು. ಕಾಡಿನೊಳಗಿದ್ದವರು ಕಾಡಿನ ಅಂಚಿಗೆ, ರಸ್ತೆಯ ಬದಿಗೆ, ಕೊಡಗಿನ ಕಾಫಿ ತೋಟದ ಲೈನ್ ಮನೆಗಳಿಗೆ ಬಂದು ಬಿದ್ದರು. ಗೆಡ್ಡೆ, ಸೊಪ್ಪು, ಜೇನು ತಿಂದು ಬೆಳೆಯುತ್ತಿದ್ದ ಮಕ್ಕಳಿಗೆ ಪಡಿತರದ ಅಕ್ಕಿಯೇ ಊಟವಾಯಿತು. ನಾವು ವಾರ್ಡಿನಲ್ಲಿ ಕಂಡ ಅಪೌಷ್ಟಿಕತೆ ಪುರಾತನದ್ದಲ್ಲ, ಬಹುಮಟ್ಟಿಗೆ ಈ ಒಕ್ಕಲೆಬ್ಬಿಸುವಿಕೆಯ ಕೂಸು. ಇದನ್ನು ಅರಿವಿನ ಕೊರತೆ ಎಂದು ಬರೆಯುವವರು ಆ ಕಾಲದ ಅರಣ್ಯ ಇಲಾಖೆಯ ಕಡತಗಳನ್ನೂ ಒಮ್ಮೆ ತೆರೆದು ನೋಡಬೇಕು.

ನಿಜವಾದ ಕೆಲಸ ಶುರುವಾದದ್ದು ಎಂಬತ್ತರ ದಶಕದಲ್ಲಿ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಸೋಲಿಗರ ಹಾಡಿಗಳಾದ ಪೋಡುಗಳಿಗೆ ನಡೆದು ಹೋಗುತ್ತಿದ್ದ ಆ ಕೆಲಸವೇ ಬೆಳೆದು ಆಸ್ಪತ್ರೆ, ಶಾಲೆಗಳಾದವು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಆ ಬಳಿಕ ಹೆಗ್ಗಡದೇವನಕೋಟೆಯ ಬ್ರಹ್ಮಗಿರಿ ಹಾಡಿಗೆ ಹೋದರು. ಕೆಂಚನಹಳ್ಳಿಯ ಸಣ್ಣ ಆಸ್ಪತ್ರೆ, ಆಮೇಲೆ ಸರಗೂರಿನ ದೊಡ್ಡದು, ಎಲ್ಲವೂ ಅಲ್ಲಿಂದ ಬೆಳೆದವು. ಈ ಇಬ್ಬರ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆಯಲಾಗಿದೆ. ಬರೆದವರೆಲ್ಲ ಪಟ್ಟಣ ಬಿಟ್ಟು ಕಾಡಿಗೆ ಹೋದ ಡಾಕ್ಟರರ ತ್ಯಾಗಕ್ಕೆ ಮನಸೋತರು. ಆ ಡಾಕ್ಟರರ ಪಕ್ಕದಲ್ಲಿ ನಿಂತು ಕೆಲಸ ಕಲಿತ ಹುಡುಗಿಯರ ಹೆಸರು ಆ ಬರಹಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಬೆಟ್ಟದ ಕೇಂದ್ರ ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಆದಿವಾಸಿ ಹೆಣ್ಣುಮಕ್ಕಳಿಗೆ ಎಎನ್‌ಎಂ ತರಬೇತಿ ಕೊಟ್ಟದ್ದು. ಸುದ್ದಿಯಾಗದ ಕೆಲಸ ಅದು. ಅಲ್ಲಿ ಕಲಿತವರಿಗೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಅರ್ಹತೆ ಬಂತು. ಸ್ವಯಂಸೇವಕಿ ಎಂಬ ಬಿರುದಿನಡಿ ಜೀವಮಾನ ಕಳೆಯುವುದು ತಪ್ಪಿತು.

ಆದರೆ ಮಕ್ಕಳ ಆಸ್ಪತ್ರೆ ಆರೈಕೆಯ ದೃಷ್ಟಿಯಿಂದ ನೋಡಿದರೆ ಈ ತಲೆಮಾರಿನ ಅತಿ ದೊಡ್ಡ ಪ್ರಯೋಗ ನಡೆದದ್ದು ನಮ್ಮ ಗಡಿಯಾಚೆ, ಗೂಡಲೂರಿನಲ್ಲಿ. ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೈ ದಾಟಿದರೆ ಸಿಗುವ ಊರು. ಪಣಿಯರು, ಬೆಟ್ಟ ಕುರುಂಬರು, ಮುಳ್ಳು ಕುರುಂಬರು, ಕಾಟ್ಟುನಾಯಕರು, ಇರುಳರು ಅಲ್ಲಿನ ಮೂಲ ನಿವಾಸಿಗಳು. ಸ್ಟಾನ್ ಮತ್ತು ಮಾರಿ ತೇಕೇಕರ ದಂಪತಿ ಎಂಬತ್ತರ ದಶಕದ ನಡುವಿನಲ್ಲಿ ಅಲ್ಲಿ ಅಕಾರ್ಡ್ ಸಂಸ್ಥೆ ಕಟ್ಟಿದರು. ಅವರು ಶುರು ಮಾಡಿದ್ದು ಆರೋಗ್ಯದಿಂದಲ್ಲ, ಭೂಮಿಯಿಂದ. ಆದಿವಾಸಿ ಮುನ್ನೇಟ್ರ ಸಂಗಮ ಎಂಬ ಜನಸಂಘಟನೆ ಎದ್ದು, 1988ರ ಡಿಸೆಂಬರಿನಲ್ಲಿ ಸಾವಿರಾರು ಆದಿವಾಸಿಗಳು ಜಮೀನಿನ ಹಕ್ಕಿಗಾಗಿ ಗೂಡಲೂರಿನ ಬೀದಿಗಿಳಿದರು. ಅದಕ್ಕೂ ಮೊದಲೇ, 1987ರಲ್ಲಿ, ಡಾ. ದೇವದಾಸನ್ ಮತ್ತು ಡಾ. ರೂಪಾ ದಂಪತಿ ಬಂದು ಆರೋಗ್ಯದ ಕೆಲಸ ಕೈಗೆತ್ತಿಕೊಂಡರು. ಹಾಡಿಯವರೇ ಆರಿಸಿ ಕಳಿಸಿದ ಹೆಂಗಸರು ಮಕ್ಕಳ ತೂಕ ನೋಡುವುದು, ಬಸುರಿಯರ ಪಟ್ಟಿ ಇಡುವುದು, ಲಸಿಕೆಯ ದಿನ ಮಕ್ಕಳನ್ನು ಒಟ್ಟುಮಾಡುವುದು, ಭೇದಿಯಾದರೆ ಉಪ್ಪು ಸಕ್ಕರೆ ನೀರು ಕುಡಿಸುವುದು ಎಲ್ಲ ಕಲಿತರು. ಬಹುತೇಕ ಸಂಸ್ಥೆಗಳ ಕಥೆ ಇಲ್ಲಿಗೆ ನಿಲ್ಲುತ್ತದೆ. ಗೂಡಲೂರಿನವರು ಇನ್ನೊಂದು ಪ್ರಶ್ನೆ ಕೇಳಿಕೊಂಡರು: ಈ ಹೆಂಗಸರು ಬರೆದುಕೊಟ್ಟ ಮಗುವನ್ನು ಸೇರಿಸಿಕೊಳ್ಳುವ ಆಸ್ಪತ್ರೆ ಯಾವುದು? ಅಲ್ಲಿಗೆ ಜನ ಹೋಗುತ್ತಾರೆಯೇ? ಹೋಗುತ್ತಿರಲಿಲ್ಲ. ಆಗ 1990ರಲ್ಲಿ ಅಶ್ವಿನಿ ಎಂಬ ಹೆಸರಿನಲ್ಲಿ ಆದಿವಾಸಿಗಳದೇ ಆಸ್ಪತ್ರೆ ಶುರುವಾಯಿತು. ಶಸ್ತ್ರವೈದ್ಯ ನಂದಕುಮಾರ್ ಮೆನನ್, ಸ್ತ್ರೀರೋಗ ತಜ್ಞೆ ಶೈಲಾ ದೇವಿ ಬಂದು ಸೇರಿದರು. 1992ರಲ್ಲಿ ಸಂಗಮದ ಸದಸ್ಯರಿಗೆ ಆರೋಗ್ಯ ವಿಮೆಯೂ ಬಂತು. ದೇಶದಲ್ಲಿ ಬಡವರ ಆರೋಗ್ಯ ವಿಮೆ ತೀರ ಅಪರೂಪವಾಗಿದ್ದ ಕಾಲ ಅದು.

ನನ್ನ ಮಟ್ಟಿಗೆ ವಿಶೇಷವೆಂದರೆ ಅಲ್ಲಿನ ನರ್ಸುಗಳು. ಹೆಚ್ಚು ಓದದ ಆದಿವಾಸಿ ಹುಡುಗಿಯರನ್ನು ಆಸ್ಪತ್ರೆಯೇ ಕೂರಿಸಿಕೊಂಡು ಕಲಿಸಿ ನರ್ಸುಗಳನ್ನಾಗಿ ಮಾಡಿತು. ಲ್ಯಾಬು, ಔಷಧ ಕೊಡುವ ಕಿಟಕಿ, ಲೆಕ್ಕಪತ್ರ ಒಂದೊಂದಾಗಿ ಅವರ ಕೈಗೆ ಹೋದವು. ಅಲ್ಲಿ ಪಣಿಯ ಹೆಂಗಸು ಮಗುವನ್ನು ಎತ್ತಿಕೊಂಡು ಬಂದರೆ ಚೀಟಿ ಬರೆಯುವವರಿಂದ ಹಿಡಿದು ಸೂಜಿ ಚುಚ್ಚುವವರವರೆಗೆ ಅವಳ ಮಾತು ಬಲ್ಲವರು, ಅವಳ ಹಾಡಿ ಯಾವುದೆಂದು ಕೇಳಬಲ್ಲವರು. ಇದನ್ನು ಹೆಚ್ಚುವರಿ ಸೌಕರ್ಯವಷ್ಟೇ ಎಂದುಕೊಳ್ಳುವವರಿದ್ದಾರೆ. ಹೊರಗಿನಿಂದ ಬಂದು ನೋಡಿದ ಒಬ್ಬ ಪ್ರೊಫೆಸರು ಇಂಥ ಕಡೆಯ ನರ್ಸಿಂಗ್ ಗುಣಮಟ್ಟ ಹೇಗಿರಬಹುದು ಎಂದು ಹುಬ್ಬು ಗಂಟಿಕ್ಕಿದ್ದೂ ನೆನಪಿದೆ. ಗುಣಮಟ್ಟ ಹೇಗಿರುತ್ತದೆ ಎಂಬುದಕ್ಕೆ ಒಂದೇ ರಾತ್ರಿಯ ವಿಚಾರ ಹೇಳುತ್ತೇನೆ.

ಗಡಿಯ ಸಣ್ಣ ಆಸ್ಪತ್ರೆಯೊಂದರ ಮಕ್ಕಳ ವಾರ್ಡು. ನಾಲ್ಕು ವರ್ಷದ ಹುಡುಗ, ಕುಡಗೋಲು ಕಣ ಕಾಯಿಲೆ, ಅಂದರೆ ಸಿಕಲ್ ಸೆಲ್ ಇದೆಯೆಂದು ಮೊದಲೇ ಗೊತ್ತಿದ್ದವನು, ಜ್ವರವೆಂದು ಸೇರಿದ್ದ. ಈ ಕಾಯಿಲೆಯಲ್ಲಿ ಕೆಲವೊಮ್ಮೆ ಗುಲ್ಮದೊಳಗೆ ರಕ್ತ ತುಂಬಿ ಸಿಕ್ಕಿಕೊಳ್ಳುತ್ತದೆ. ಕೆಲವೇ ತಾಸುಗಳಲ್ಲಿ ಹೊಟ್ಟೆ ಉಬ್ಬಿ, ಮೈ ಬಿಳಿಚಿ ಮಗು ಹೋಗಿಬಿಡಬಹುದು. ಸಂಜೆ ಪಾಳಿಯ ಪಣಿಯ ನರ್ಸು ಹುಡುಗನ ಎಡ ಪಕ್ಕೆಯ ಕೆಳಗೆ ಬೆರಳಿಟ್ಟು ಗುಲ್ಮದ ಅಂಚು ಹುಡುಕಿ, ಬಾಲ್ ಪೆನ್ನಿನಲ್ಲಿ ಹೊಟ್ಟೆಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆದಳು. ಊಟದ ಹೊತ್ತಿಗೆ ಇನ್ನೊಮ್ಮೆ ನೋಡಿದಳು. ಅಂಚು ಎರಡು ಬೆರಳು ಕೆಳಗೆ ಬಂದಿತ್ತು. ಅಂಗೈ ತಿರುಗಿಸಿ ನೋಡಿದಳು, ಬಿಳಿಚಿತ್ತು. ನನಗೆ ಫೋನು ಮಾಡಿ ಹೇಳಿದ್ದು ಇಷ್ಟೇ: “ಸಾರ್, ಗೆರೆ ದಾಟಿದೆ. ಬ್ಲಡ್ಡಿಗೆ ಕಳಿಸ್ತಿದೀನಿ, ನೀವು ಬನ್ನಿ.” ನಾನು ಹೋಗುವಷ್ಟರಲ್ಲಿ ಕ್ರಾಸ್‌ಮ್ಯಾಚಿಗೆ ರಕ್ತ ತೆಗೆದಾಗಿತ್ತು, ಡ್ರಿಪ್ ಹತ್ತಿತ್ತು. ಹುಡುಗನ ಅಪ್ಪನ ಕೈಲಿ ಒಪ್ಪಿಗೆ ಪತ್ರವಿತ್ತು, ಆತ ಸಹಿ ಮಾಡದೆ ನಿಂತಿದ್ದ. ನಾನು ಅವನಿಗೇ ವಿವರಿಸಲು ಹೊರಟಾಗ ಆಕೆ ಮೆಲ್ಲಗೆ, “ಅವರಲ್ಲ ಸಾರ್, ಅಜ್ಜಿ” ಎಂದಳು. ಅಜ್ಜಿ ವರಾಂಡದ ಮೂಲೆಯಲ್ಲಿ ಎಲೆಯಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನರ್ಸು ಹೋಗಿ ಪಕ್ಕದಲ್ಲೇ ನೆಲಕ್ಕೆ ಕೂತಳು. ತನ್ನ ತಮ್ಮನಿಗೂ ಇದೇ ಕಾಯಿಲೆ, ಅವನಿಗೂ ಎರಡು ಸಲ ರಕ್ತ ಹಾಕಿದ್ದಾರೆ, ಈಗ ತೋಟದ ಕೆಲಸಕ್ಕೆ ಹೋಗುತ್ತಾನೆ ಎಂದು ಹೇಳಿದಳೆಂದು ಆಮೇಲೆ ತಿಳಿಯಿತು. ಕಾಗದದ ಮೇಲೆ ಬಿದ್ದದ್ದು ಅಪ್ಪನ ಹೆಬ್ಬೆಟ್ಟು; ಒಪ್ಪಿಗೆ ಅಜ್ಜಿಯದು. ರಕ್ತ ಹತ್ತಿತು, ಹುಡುಗ ಉಳಿದ. ಗುಲ್ಮದ ಗೆರೆಯನ್ನು ಯಾವ ಮೆಡಿಕಲ್ ಕಾಲೇಜಿನಲ್ಲಾದರೂ ಕಲಿಸುತ್ತಾರೆ. ಅಜ್ಜಿಯ ವಿಚಾರ ಪಠ್ಯದಲ್ಲಿಲ್ಲ. ಇವೆರಡೂ ಒಬ್ಬಳಲ್ಲೇ, ಒಂದೇ ಪಾಳಿಯಲ್ಲಿ ಇದ್ದದ್ದರಿಂದ ಕೆಲಸ ನಡೆಯಿತು. ಗೆರೆ ಎಳೆಯಲು ಒಬ್ಬರು, ಸಮಾಧಾನ ಹೇಳಲು ಇನ್ನೊಬ್ಬರು ಎಂದು ವಿಂಗಡಿಸಿದ್ದರೆ ಹೊತ್ತು ಮೀರುತ್ತಿತ್ತು.

ಅಂದಹಾಗೆ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಕಾಯಿಲೆಯ ಲಕ್ಷಣ ಇದೆಯೆಂದು ಲೆಹ್‌ಮನ್ ಮತ್ತು ಕಟ್‌ಬುಷ್ ಬರೆದದ್ದು 1952ರಲ್ಲಿ. ರಾಷ್ಟ್ರೀಯ ನಿರ್ಮೂಲನಾ ಅಭಿಯಾನ ಉದ್ಘಾಟನೆಯಾದದ್ದು 2023ರ ಜುಲೈ 1ರಂದು. ನಡುವೆ ಎಪ್ಪತ್ತೊಂದು ವರ್ಷ. ಅಭಿಯಾನದ ಗುರಿ ನಲವತ್ತರೊಳಗಿನ ಏಳು ಕೋಟಿ ಜನರ ರಕ್ತ ಪರೀಕ್ಷೆ, ಕೈಗೊಂದು ಬಣ್ಣದ ಕಾರ್ಡು. ಕಾರ್ಡು ಬೇಕು, ಬೇಡವೆನ್ನುವುದಿಲ್ಲ. ಆದರೆ ಕಾರ್ಡು ಹಿಡಿದ ಮಗು ರಾತ್ರಿ ಹನ್ನೊಂದಕ್ಕೆ ಕೈಕಾಲು ಊದಿಕೊಂಡು ಅಳುತ್ತ ತಾಲ್ಲೂಕು ಆಸ್ಪತ್ರೆಗೆ ಬಂದಾಗ, ಊದಿದ ಜಾಗಕ್ಕೆ ಐಸ್ ಇಡಬಾರದು, ಬೆಚ್ಚಗಿಡಬೇಕು, ನೀರು ಚೆನ್ನಾಗಿ ಕುಡಿಸಬೇಕು, ನೋವಿಗೆ ತಕ್ಕ ಔಷಧ ತಡಮಾಡದೆ ಕೊಡಬೇಕು ಎಂದು ಬಲ್ಲವರು ಡ್ಯೂಟಿಯಲ್ಲಿ ಯಾರಿರುತ್ತಾರೆ?

ಎಂಬತ್ತರ ದಶಕದ ಇನ್ನೊಂದು ದೊಡ್ಡ ಶಾಲೆ ಮಹಾರಾಷ್ಟ್ರದ ಗಡಚಿರೋಲಿಯದು. ಡಾ. ಅಭಯ್ ಮತ್ತು ರಾಣಿ ಬಂಗ್ ದಂಪತಿ 1986ರಲ್ಲಿ ಅಲ್ಲಿಗೆ ಹೋದರು. ಹಳ್ಳಿಯ ಕಾರ್ಯಕರ್ತರೇ ನ್ಯುಮೋನಿಯಾ ಗುರುತಿಸಿ ಔಷಧ ಕೊಡಬಲ್ಲರೆಂದು ಮೊದಲು ತೋರಿಸಿದರು. ಹತ್ತಕ್ಕಿಂತ ಮುಂದೆ ಎಣಿಸಲು ಬಾರದವರಿಗೂ ಉಸಿರು ಲೆಕ್ಕ ಸಿಗಲೆಂದು ಮಣಿ ಪೋಣಿಸಿದ ಒಂದು ಪುಟ್ಟ ಉಪಕರಣ ಮಾಡಿದರು: ನಿಮಿಷದ ಮರಳು ಗಡಿಯಾರ ತಿರುಗಿಸಿ, ಮಗುವಿನ ಹೊಟ್ಟೆ ಹತ್ತು ಸಲ ಏರಿಳಿದರೆ ಒಂದು ಮಣಿ ಸರಿಸುವುದು, ಕೆಂಪು ಮಣಿಗೆ ಬಂದರೆ ನ್ಯುಮೋನಿಯಾ. ಎಂಬಿಬಿಎಸ್ ಮುಗಿಸಿ ಬಂದ ಹೌಸ್ ಸರ್ಜನ್ನುಗಳು ಉಸಿರನ್ನು ಅಂದಾಜಿನಲ್ಲಿ ಬರೆಯುವುದನ್ನು ದಿನವೂ ನೋಡುವ ನನಗೆ ಆ ಮಣಿಗಳ ಮೇಲೆ ಅಪಾರ ಗೌರವ. ನಂತರ ನವಜಾತ ಶಿಶುವಿನ ಮನೆ ಆರೈಕೆಯ ಪ್ರಯೋಗ. ನಾಲ್ಕಾರು ಕ್ಲಾಸು ಓದಿದ ಹೆಂಗಸರು ಕೂಸಿನ ತೂಕ ನೋಡಿ, ಬೆಚ್ಚಗಿಟ್ಟು, ಸೋಂಕು ಕಂಡರೆ ಜೆಂಟಾಮೈಸಿನ್ ಚುಚ್ಚಿದರು. 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶದಂತೆ, ಮೂರನೇ ವರ್ಷಕ್ಕೆ ನವಜಾತ ಶಿಶು ಮರಣ ಶೇ. 62ರಷ್ಟು ಇಳಿದಿತ್ತು.

ಈ ಗೆಲುವಿನಿಂದ ಒಂದು ಹಾನಿಯೂ ಆಯಿತೆಂದು ಹೇಳಿದರೆ ಬಂಗ್ ದಂಪತಿಯ ಅಭಿಮಾನಿಗಳು ಮುನಿಸಿಕೊಳ್ಳಬಾರದು, ತಪ್ಪು ಅವರದಲ್ಲ. ಹೆತ್ತವರು ಆಸ್ಪತ್ರೆಗೆ ಬರುವುದಿಲ್ಲ, ಬಂದರೆ ಆಸ್ಪತ್ರೆ ಸರಿಯಿಲ್ಲ ಎಂಬ ಕಾರಣಕ್ಕೇ ಅವರು ಮನೆಗೆ ಹೋದದ್ದು. ಓದಿಕೊಂಡವರು ಕಾರಣವನ್ನು ಬಿಟ್ಟು ಫಲವನ್ನು ಮಾತ್ರ ಹಿಡಿದರು. ಕೂಸನ್ನು ಮನೆಯಲ್ಲೇ ಉಳಿಸಬಹುದಾದರೆ ಆಸ್ಪತ್ರೆಯನ್ನು ತಿದ್ದುವ ಗೋಜು ಯಾಕೆ? 2011ರಲ್ಲಿ ಇದೇ ಮಾದರಿಯನ್ನು ಆಶಾ ಮೂಲಕ ದೇಶಕ್ಕೆಲ್ಲ ಹಬ್ಬಿಸಿದಾಗ ಮನೆ ಭೇಟಿ ಉಳಿಯಿತು, ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆರು, ಮನೆಯಲ್ಲಾದರೆ ಏಳು. 250 ರೂಪಾಯಿ ಪ್ರೋತ್ಸಾಹಧನ ಉಳಿಯಿತು. ಸೂಜಿ ಉದುರಿಹೋಯಿತು. ಕಾರ್ಯಕರ್ತೆಯ ಕೈಯಿಂದ ಚಿಕಿತ್ಸೆಯನ್ನು ಕಿತ್ತುಕೊಂಡು ಕಾಗದ ಕೊಟ್ಟಂತಾಯಿತು. ಅಪಾಯದ ಚಿಹ್ನೆ ಕಂಡರೆ ಆಕೆ ಮಾಡಬೇಕಾದ್ದು ಒಂದೇ, 108ಕ್ಕೆ ಫೋನು.

2005ರಿಂದೀಚಿನ ಸರ್ಕಾರಿ ಘಟ್ಟದ ಬಗ್ಗೆ ಉದ್ದಕ್ಕೆ ಬರೆಯಬೇಕಾಗಿಲ್ಲ; ಓದುಗರಿಗೆ ಗೊತ್ತಿರುವುದೇ. ಅದಕ್ಕೂ ಮೊದಲು, 2002ರಲ್ಲಿ, ಛತ್ತೀಸಗಢ ಮಿತಾನಿನ್ ಎಂಬ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರ ಕಾರ್ಯಕ್ರಮ ಶುರು ಮಾಡಿತ್ತು. ಆ ರಾಜ್ಯ ಮುಂದೆ ಕೆಲವು ಆಸ್ಪತ್ರೆಗಳೊಳಗೆ ಮಿತಾನಿನ್ ಸಹಾಯ ಮೇಜು ಇಟ್ಟದ್ದು ಒಳ್ಳೆಯ ಯೋಚನೆ. ಇತ್ತ ದೇಶದಾದ್ಯಂತ ಆಶಾ ಬಂದಳು, ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕ ಬಂತು, ಪೌಷ್ಟಿಕ ಪುನಶ್ಚೇತನ ಕೇಂದ್ರ ಬಂತು, 2011ರಿಂದ ಬಾಣಂತಿ ಮತ್ತು ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತವೆಂದಾಯಿತು. ಸಾವು ಇಳಿದಿದೆ, ಅನುಮಾನವಿಲ್ಲ. ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪರಿಶಿಷ್ಟ ಪಂಗಡದ ಐದು ವರ್ಷದೊಳಗಿನ ಮಕ್ಕಳ ಮರಣ ಸಾವಿರಕ್ಕೆ 57.2 ಇದ್ದದ್ದು ಐದನೆಯದರಲ್ಲಿ 50.3ಕ್ಕೆ ಬಂದಿದೆ. ದೇಶದ ಒಟ್ಟು ಸರಾಸರಿ ಅಷ್ಟರಲ್ಲಿ 41.9ಕ್ಕೆ ಹೋಗಿತ್ತು.

ಈ ಹೊಸ ಘಟಕಗಳ ಒಳಗೆ ಹಾಡಿಯ ತಾಯಿಗೆ ಏನಾಗುತ್ತದೆ ನೋಡಿ. ಪುನಶ್ಚೇತನ ಕೇಂದ್ರದಲ್ಲಿ ಮಗುವಿನೊಂದಿಗೆ ಹದಿನಾಲ್ಕು ದಿನ ಇರಬೇಕು. ಎರಡೆರಡು ಗಂಟೆಗೆ ಅಳತೆಯ ಹಾಲು, ಎಫ್-75, ಆಮೇಲೆ ಎಫ್-100. ತಾಯಿಗೆ ಕೂಲಿ ನಷ್ಟಕ್ಕೆ ಅಷ್ಟಿಷ್ಟು ಹಣವೂ ಇದೆ. ಆದರೆ ಹಾಡಿಯಲ್ಲಿ ಇನ್ನೆರಡು ಮಕ್ಕಳಿವೆ. ಅವಕ್ಕೆ ಅನ್ನ ಹಾಕುವವರು ಯಾರು? ಕೊಡಗಿನಲ್ಲಿ ಕಾಫಿ ಕೊಯ್ಲು ನಡೆದಿದೆ, ಗಂಡ ಲೈನ್ ಮನೆಯಲ್ಲಿದ್ದಾನೆ. ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡಾಗಿದೆ. ಐದನೇ ದಿನ ಮಗು ನಕ್ಕಿತೆಂದರೆ ಆಕೆ ಹೊರಡುತ್ತಾಳೆ. ನವಜಾತ ಶಿಶುಗಳ ಘಟಕದಲ್ಲಿ ಬೇರೆಯೇ ಫಜೀತಿ. ಕೂಸು ಗಾಜಿನಾಚೆ, ತಾಯಿ ವರಾಂಡದಲ್ಲಿ. ಒಳಗೆ ಏನು ನಡೆಯುತ್ತಿದೆ ಎಂದು ಹೇಳುವವರಿಲ್ಲ. ಹಾಲು ಹಿಂಡಿ ಕೊಡು ಎಂದು ಬಟ್ಟಲು ಮಾತ್ರ ಹೊರಗೆ ಬರುತ್ತದೆ. ತಾಯಿ ತಂದೆಯರನ್ನೇ ಒಳಗೆ ಕರೆದು ಆರೈಕೆ ಕಲಿಸಬೇಕೆಂಬ ಕೇಂದ್ರ ಸರ್ಕಾರದ ಮಾರ್ಗಸೂಚಿ 2017ರಲ್ಲೇ ಬಂದಿದೆ. ಹಾಡಿಯ ಹೆಂಗಸಿನ ಬಟ್ಟೆ, ತಲೆಗೂದಲು ನೋಡಿ ಬಾಗಿಲಲ್ಲೇ ಮೂಗು ಮುರಿಯುವವರ ಮುಂದೆ ಮಾರ್ಗಸೂಚಿ ಏನು ಮಾಡೀತು? ಇವೆಲ್ಲಕ್ಕಿಂತ ಆಳದ ಒಂದು ಭಯವಿದೆ. ಮಗು ಮೈಸೂರಿನಲ್ಲಿ ತೀರಿಕೊಂಡರೆ ಹೆಣ ಹಾಡಿಗೆ ಒಯ್ಯುವುದು ಹೇಗೆ, ವ್ಯಾನಿಗೆ ದುಡ್ಡೆಲ್ಲಿ, ಪೋಸ್ಟ್‌ಮಾರ್ಟಂ ಮಾಡಿಬಿಟ್ಟರೆ? ಮಗು ಕೆಟ್ಟಿದೆ ಎನ್ನಿಸಿದ ಗಳಿಗೆಯಲ್ಲೇ ಎತ್ತಿಕೊಂಡು ಓಡುವುದು ಈ ಲೆಕ್ಕದಿಂದ. ಇದನ್ನು ಕೇಳಿ ತಿಳಿಯಬಲ್ಲವರು, ಮಾತು ಕೊಡಬಲ್ಲವರು, ಆ ಮಾತನ್ನು ಡ್ಯೂಟಿ ಡಾಕ್ಟರಿಂದ ನಡೆಸಿಕೊಡಬಲ್ಲವರು ವಾರ್ಡಿನಲ್ಲಿ ಒಬ್ಬರಿದ್ದರೆ ಓಟ ನಿಲ್ಲುತ್ತದೆ. ನಿಂತದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಕೇರಳದಲ್ಲಿ ಪರಿಶಿಷ್ಟ ಪಂಗಡ ಅಭಿವೃದ್ಧಿ ಇಲಾಖೆಯಡಿ ಎಸ್‌ಟಿ ಪ್ರಮೋಟರುಗಳಿದ್ದಾರೆ. ರೋಗಿಯ ಜೊತೆ ಆಸ್ಪತ್ರೆಗೆ ಬರುವುದೂ ಅವರ ಕೆಲಸಗಳಲ್ಲಿ ಒಂದು. 2013ರಲ್ಲಿ ಅಟ್ಟಪ್ಪಾಡಿಯ ಶಿಶು ಮರಣಗಳು ದೇಶದ ಸುದ್ದಿಯಾದ ಮೇಲೆ ಅಲ್ಲಿನ ಕೋಟ್ಟತ್ತರ ಆಸ್ಪತ್ರೆಯತ್ತಲೂ ಗಮನ ಹರಿಯಿತು. ಒಳ್ಳೆಯದೇ. ಆದರೆ ಪ್ರಮೋಟರು ಬೇರೆ ಇಲಾಖೆಯವರು. ಆಸ್ಪತ್ರೆಯ ಶ್ರೇಣಿಯಲ್ಲಿ ಅವರಿಗೆ ಕುರ್ಚಿಯಿಲ್ಲ. ವಾರ್ಡಿನಲ್ಲಿ ಅವರು ಸಭ್ಯ ಅತಿಥಿಗಳು.

ಹೊರದೇಶಗಳಲ್ಲಿ ಈ ವಿಚಾರ ಎಷ್ಟು ಮುಂದೆ ಹೋಗಿದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ತಮ್ಮದೇ ಆಡಳಿತದ ಮೊದಲ ಆರೋಗ್ಯ ಸೇವೆಯನ್ನು ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1971ರಲ್ಲಿ ಆರಂಭಿಸಿದರು. ಅಲ್ಲಿನ ನಾರ್ದರ್ನ್ ಟೆರಿಟರಿ 1985ರಲ್ಲೇ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರ ನೋಂದಣಿ ಶುರು ಮಾಡಿತು. 2012ರ ಜುಲೈನಿಂದ ಡಾಕ್ಟರು, ನರ್ಸುಗಳಂತೆಯೇ ಅವರಿಗೂ ರಾಷ್ಟ್ರಮಟ್ಟದ ನೋಂದಣಿ ಇದೆ. ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ಮೂಲನಿವಾಸಿ ಸಂಪರ್ಕಾಧಿಕಾರಿಗಳಿರುತ್ತಾರೆ. ಅಲ್ಲಿ ಇದಕ್ಕೊಂದು ಕಹಿ ಹಿನ್ನೆಲೆಯಿದೆ. ಸರ್ಕಾರವೇ ದಶಕಗಳ ಕಾಲ ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಕಿತ್ತುಕೊಂಡಿತ್ತು. 1997ರ ವರದಿ ಅದನ್ನು ದಾಖಲಿಸಿತು, 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮಗುವನ್ನು ಆಸ್ಪತ್ರೆಗೆ ಒಪ್ಪಿಸಲು ಹೆದರುವ ತಾಯಿಯನ್ನು ಅರಿವಿಲ್ಲದವಳು ಎನ್ನಲು ಅಲ್ಲಿ ಈಗ ಯಾರಿಗೂ ಬಾಯಿ ಬಾರದು. ಕೆನಡಾದ್ದು ಇನ್ನೊಂದು ಬಗೆ. ನಾರ್ವೆ ಹೌಸ್ ಕ್ರೀ ಸಮುದಾಯದ ಜೋರ್ಡಾನ್ ಎಂಬ ಮಗು ಮನೆಗೆ ಹೋಗಬಹುದೆಂದು ವೈದ್ಯರು ಹೇಳಿದ ಮೇಲೂ, ಮನೆ ಆರೈಕೆಯ ಖರ್ಚು ಯಾರದೆಂದು ಎರಡು ಸರ್ಕಾರಗಳು ಜಗಳವಾಡುತ್ತಿದ್ದಂತೆ, 2005ರಲ್ಲಿ ಐದನೇ ವಯಸ್ಸಿಗೆ ಆಸ್ಪತ್ರೆಯಲ್ಲೇ ತೀರಿಕೊಂಡಿತು. ಮೊದಲು ಮಗುವಿಗೆ ಸೇವೆ, ಬಿಲ್ಲಿನ ಜಗಳ ಆಮೇಲೆ ಎಂಬ ತತ್ವವನ್ನು 2007ರಲ್ಲಿ ಅಲ್ಲಿನ ಸಂಸತ್ತು ಒಪ್ಪಿತು. ಆ ದೇಶಗಳೆಲ್ಲ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಸಂಪರ್ಕಾಧಿಕಾರಿಗೆ ಚಿಕಿತ್ಸೆಯ ತೀರ್ಮಾನದಲ್ಲಿ ದನಿಯಿಲ್ಲ ಎಂಬ ದೂರು ಅಲ್ಲೂ ಇದೆ. ಆದರೂ ಹುದ್ದೆಗೊಂದು ಹೆಸರು, ಸಂಬಳ, ನೋಂದಣಿ ಸಂಖ್ಯೆ ಇದೆ.

ನಮ್ಮಲ್ಲಿ ಹುದ್ದೆಯೇ ಇಲ್ಲ. ಅಭಯ್ ಬಂಗ್ ಅಧ್ಯಕ್ಷತೆಯ ಬುಡಕಟ್ಟು ಆರೋಗ್ಯ ತಜ್ಞರ ಸಮಿತಿ 2018ರಲ್ಲಿ ಕೊಟ್ಟ ವರದಿ ಈ ಕ್ಷೇತ್ರದ ಬಹುದೊಡ್ಡ ದಾಖಲೆ, ಸ್ಥಳೀಯ ಯುವಜನರಿಗೆ ತರಬೇತಿ ಕೊಡಿ ಎಂದು ಅದೂ ಹೇಳಿದೆ. ಕರ್ನಾಟಕದಲ್ಲಿ ಇದಕ್ಕೆ ಕೊಡುವ ಉತ್ತರ ಮೀಸಲಾತಿ ಇದೆಯಲ್ಲ ಎಂಬುದು. 2022ರಲ್ಲಿ ಪರಿಶಿಷ್ಟ ಪಂಗಡದ ಪಾಲು ಶೇ. 3ರಿಂದ 7ಕ್ಕೆ ಏರಿದ್ದೂ ನಿಜ. ಆದರೆ 2011ರ ಜನಗಣತಿಯ 42 ಲಕ್ಷ ಪರಿಶಿಷ್ಟ ಪಂಗಡದವರಲ್ಲಿ ಕಾಡಂಚಿನ ಸಮುದಾಯಗಳು ಸಣ್ಣ ಪಾಲು. ಸ್ಟಾಫ್ ನರ್ಸ್ ಹುದ್ದೆ ಮೀಸಲಾತಿಯಲ್ಲಿ ತುಂಬಿತು ಎಂದರೆ ವಾರ್ಡಿಗೆ ಜೇನುಕುರುಬರ ಹುಡುಗಿ ಬಂದಳು ಎಂದಲ್ಲ, ಕೊರಗರ ಹುಡುಗಿಯಂತೂ ಅಲ್ಲವೇ ಅಲ್ಲ. ನರ್ಸಿಂಗ್ ಕೋರ್ಸಿಗೆ ಪಿಯುಸಿ ಬೇಕು. ಆಶ್ರಮ ಶಾಲೆಯಿಂದ ಹತ್ತನೇ ಕ್ಲಾಸಿನವರೆಗೆ ಬಂದವಳು ಅಲ್ಲೇ ನಿಲ್ಲುತ್ತಾಳೆ. ಆಸ್ಪತ್ರೆಗಳೇ ಕಲಿಸಿದ ನರ್ಸುಗಳ ಅನುಭವಕ್ಕೆ ನರ್ಸಿಂಗ್ ಕೌನ್ಸಿಲ್ಲಿನ ಕಣ್ಣಲ್ಲಿ ಬೆಲೆಯಿಲ್ಲ. ಇಪ್ಪತ್ತು ವರ್ಷ ಕೂಸುಗಳಿಗೆ ಕ್ಯಾನುಲಾ ಹಾಕಿದವಳು ಸರ್ಕಾರಿ ಆಸ್ಪತ್ರೆಗೆ ಹೋದರೆ ಹೊರಗುತ್ತಿಗೆಯ ಡಿ ಗ್ರೂಪ್ ಕೆಲಸಕ್ಕೆ, ನೆಲ ಒರೆಸಲು, ಅರ್ಹಳು. ಕೆಲಸದ ಅನುಭವವನ್ನು ಪರೀಕ್ಷಿಸಿ ಮೆಟ್ಟಿಲು ಹತ್ತಿಸುವ ದಾರಿಯೊಂದನ್ನು ಈ ನಾಲ್ಕು ದಶಕದಲ್ಲಿ ಯಾವ ಇಲಾಖೆಯೂ ತೆರೆದಿಲ್ಲ.

ಇನ್ನೊಂದು ವಿಚಾರಕ್ಕೆ ಬರಹಗಳಲ್ಲಿ ಜಾಗ ಸಿಕ್ಕೇ ಇಲ್ಲ: ಕಾರ್ಯಕರ್ತೆ ತೆರುವ ಬೆಲೆ. ಆಕೆ ಆಸ್ಪತ್ರೆಗೆ ಕರೆತಂದ ಮಗು ಉಳಿದರೆ ಡಾಕ್ಟರಿಗೆ ಹೆಸರು. ಹೋದರೆ, “ನೀನೇ ಅಲ್ವಾ ಕರ್ಕೊಂಡ್ ಹೋದವಳು” ಎಂಬ ಮಾತು ಆಕೆಗೆ. ನಾವು ಡ್ಯೂಟಿ ಮುಗಿಸಿ ಕ್ವಾರ್ಟರ್ಸಿಗೆ ಹೋಗುತ್ತೇವೆ. ಆಕೆ ಆ ಮಗುವಿನ ಮಣ್ಣಿಗೆ ಹೋಗಬೇಕು, ಮಾರನೆಯ ದಿನ ಅದೇ ತಾಯಿಯ ಜೊತೆ ನೀರಿಗೆ ನಿಲ್ಲಬೇಕು. ಹಾಡಿಯ ಯಜಮಾನ ಪಂಚಾಯ್ತಿ ಸೇರಿಸಿ ಕಾರ್ಯಕರ್ತೆಯನ್ನು ವಿಚಾರಿಸಿಕೊಂಡ ಪ್ರಸಂಗ ನನಗೆ ಗೊತ್ತಿದೆ. ಅದಾದ ಮೇಲೆ ಆಕೆ ವರ್ಷವೆಲ್ಲ ಯಾವ ಮಗುವನ್ನೂ ಆಸ್ಪತ್ರೆಗೆ ಕರೆತರಲಿಲ್ಲ. ಸಂಸ್ಥೆಯವರು ಅದನ್ನು ಕಾರ್ಯಕ್ಷಮತೆ ಕುಸಿತ ಎಂದು ಬರೆದುಕೊಂಡರು. ತಾನು ಕರೆತಂದ ಮಗುವಿನ ಚಿಕಿತ್ಸೆಯಲ್ಲಿ ಮಾತಾಡುವ ಹಕ್ಕಿಲ್ಲದೆ, ಫಲಕ್ಕೆ ಮಾತ್ರ ಹೊಣೆಯಾಗು ಎಂದರೆ ಯಾರು ಮುಂದೆ ಬರುತ್ತಾರೆ?

ಅಧ್ಯಯನಗಳ ಕೊರತೆಯೂ ಇದೇ ಜಾಗದಲ್ಲಿ. ಹಾಡಿಯ ಮಟ್ಟದ ಅಂಕಿ ಅಂಶ ರಾಶಿ ಬಿದ್ದಿದೆ: ಎಷ್ಟು ಲಸಿಕೆ, ಎಷ್ಟು ಮನೆ ಭೇಟಿ, ಎಷ್ಟು ಮಕ್ಕಳ ತೂಕ. ವಾರ್ಡಿನೊಳಗಿನದು ಎರಡು ಪದದಲ್ಲಿ ಮುಗಿಯುತ್ತದೆ. ಸಹಿ ಮಾಡಿ ಹೊರಟರೆ ರಿಜಿಸ್ಟರಿನಲ್ಲಿ ಲಾಮಾ, ಅಂದರೆ ವೈದ್ಯರ ಸಲಹೆ ಮೀರಿ ಹೋದದ್ದು; ಹೇಳದೆ ಹೊರಟರೆ ಅಬ್‌ಸ್ಕಾಂಡ್. ಯಾಕೆ ಹೋದರು ಎಂಬುದಕ್ಕೆ ಕಾಲಂ ಇಲ್ಲ, ಆ ಹೊತ್ತಿನಲ್ಲಿ ಅವರ ಮಾತು ಬಲ್ಲವರು ಯಾರಾದರೂ ಇದ್ದರೇ ಎಂಬುದಕ್ಕಂತೂ ಇಲ್ಲ. ಜೇನುಕುರುಬ, ಯರವ, ಸೋಲಿಗ, ಪಣಿಯ ಮಕ್ಕಳು ಹೆಚ್ಚಾಗಿ ಬರುವ ಆಸ್ಪತ್ರೆಗಳು ಈ ಭಾಗದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಕೆಲವು ಕಡೆ ಆದಿವಾಸಿ ನರ್ಸುಗಳಿದ್ದಾರೆ, ಕೆಲವು ಪಾಳಿಗಳಲ್ಲಿ ಇರುತ್ತಾರೆ, ಕೆಲವು ಪಾಳಿಗಳಲ್ಲಿ ಇರುವುದಿಲ್ಲ. ಡ್ಯೂಟಿ ಪಟ್ಟಿಯೂ ಲಾಮಾ ರಿಜಿಸ್ಟರೂ ಮೇಟ್ರನ್ ಕೋಣೆಯ ಒಂದೇ ಅಲ್ಮೇರಾದಲ್ಲಿರುತ್ತವೆ. ಎರಡನ್ನೂ ಪಕ್ಕದಲ್ಲಿಟ್ಟು, ಮಕ್ಕಳು ಯಾವ ಪಾಳಿಯಲ್ಲಿ ಹೆಚ್ಚು ಹೊರಟರು ಎಂದು ನೋಡುವುದಕ್ಕೆ ದೆಹಲಿಯಿಂದ ಅನುದಾನ ಬರಬೇಕಾಗಿಲ್ಲ. ಒಬ್ಬ ಹೌಸ್ ಸರ್ಜನ್, ಒಂದು ಭಾನುವಾರ, ಅಲ್ಮೇರಾದ ಬೀಗದ ಕೈ ಇದ್ದರೆ ಆಗುತ್ತದೆ.